ಲಿಫ್ಟ್ ನಿಂತ್ರೆ ಅಕ್ಕ ಕೆಳಗೆ ಬರೋದು ಹೆಂಗೆ?

ಪುನರ್ವಸು ಮಳೆ ಜಡೀತಿದ್ದ ಒಂದು ರಾತ್ರಿ, ಹನ್ನೊಂದೂವರೆ ಇರ್ಬೇಕು, ಬಿಲ್ಡಿಂಗ್ ಕೆಳಗಡೆ ಮೀಟರ್ ಬೋರ್ಡಲ್ಲಿ ಚಟಪಟ ಸದ್ದಾಗಿ ಕರೆಂಟ್ ಹೋಯ್ತು. ಮಳೆಗಾಲದಲ್ಲಿ ಇದು ಮಾಮೂಲು ಅಂತ ಸುಮ್ನಿದ್ವಿ, ಆಮೇಲೆ ಸುಟ್ಟ ವೈರಿನ ವಾಸನೆ ಬಂತು, ಬಾಗಿಲು ತೆಗೆದು ನೋಡಿದ್ರೆ ಮೆಟ್ಟಿಲ ತುಂಬ ಹೊಗೆ.

ಶಿವಮೊಗ್ಗದ ಗೋಪಾಳದಲ್ಲಿ ನಮ್ದು ಮೂರನೇ ಮಹಡಿ ಮನೆ. ಅಕ್ಕ ವೀಲ್‌ಚೇರ್‌ನಲ್ಲಿ ಓಡಾಡೋದು, ಲಿಫ್ಟ್ ಇದೆ ಅನ್ನೋ ಒಂದೇ ಕಾರಣಕ್ಕೆ ಈ ಮನೆ ಹಿಡಿದಿದ್ವಿ. ಬೆಂಕಿ ಬಿದ್ದಾಗ ಆ ಲಿಫ್ಟೇ ಮುಟ್ಟಬಾರದು, ಕರೆಂಟ್ ಹೋದ್ರೆ ನಡುವೆ ಸಿಕ್ಕಾಕೊಳುತ್ತೆ, ಲಿಫ್ಟ್ ಹತ್ತಿಳಿಯೋ ಕೊಳವೆಯಂಥ ಜಾಗ ಚಿಮಣಿ ಥರ ಹೊಗೆ ಎಳ್ಕೊಳುತ್ತೆ. ಇರೋದು ಒಂದೇ ಮೆಟ್ಟಿಲು, ಅದರ ಬುಡದಲ್ಲೇ ಮೀಟರ್ ಬೋರ್ಡು, ಪಕ್ಕದಲ್ಲಿ ಸ್ಕೂಟರ್ ಸಾಲು. ನಮ್ಮೂರಿನ ಎಷ್ಟೋ ಅಪಾರ್ಟ್‌ಮೆಂಟ್ ಹಿಂಗೇ ಇದಾವೆ.

ಕೆಳಗಿನ ಮನೆ ಹುಡುಗ್ರು ಮೇನ್ ಸ್ವಿಚ್ ಎಳೆದು ಮರಳು ಎರಚಿ ಆರಿಸಿದ್ರು. ಹೊಗೆ ತೆಳುವಾದ್ಮೇಲೆ ಅಕ್ಕನ್ನ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ ನಾಲ್ಕು ಜನ ಎತ್ಕೊಂಡು ಇಳಿದ್ವಿ, ಎರಡನೇ ಮಹಡಿ ತಿರುವಲ್ಲಿ ಯಾರದೋ ಚಪ್ಪಲಿ ಸ್ಟ್ಯಾಂಡಿಗೆ ನನ್ನ ಕಾಲು ಸಿಕ್ಕಿ ಕುರ್ಚಿ ಒಂದು ಕಡೆ ವಾಲಿಬಿಡ್ತು. ಅಕ್ಕ ಕಿರುಚಲಿಲ್ಲ. "ನಿಲ್ಲಿ, ನನ್ನ ಮುಖ ಇಳಿಯೋ ಕಡೆಗಿರ್ಲಿ, ಕುರ್ಚಿ ಹಿಂದಕ್ಕೆ ಒರಗಿಸಿ, ಆಮೇಲೆ ಇಳೀರಿ" ಅಂದ್ಲು. ಅಲ್ಲೀತನಕ ನಾವ್ಯಾರೂ ಅವಳನ್ನ ಒಂದು ಮಾತು ಕೇಳೇ ಇರ್ಲಿಲ್ಲ, ಎತ್ತೋದು ಹೆಂಗೆ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದಿದ್ದು ಅವಳಿಗೇ. ವೀಲ್‌ಚೇರಲ್ಲೇ ಇಳಿಸೋದಾದ್ರೆ ಆರ್ಮ್‌ರೆಸ್ಟು ಫುಟ್‌ರೆಸ್ಟು ಹಿಡೀಬಾರದಂತೆ, ಕೈಗೇ ಕಿತ್ತು ಬರ್ತಾವೆ, ಗಟ್ಟಿ ಫ್ರೇಮೇ ಹಿಡೀಬೇಕು.

ಆಮೇಲೆ ನಾನು ಒಂದಷ್ಟು ಓದಿದೆ. ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರಲ್ಲಿ 24 ಮೀಟರ್‌ಗಿಂತ ಎತ್ತರದ ಕಟ್ಟಡಕ್ಕೆ ರೆಫ್ಯೂಜ್ ಏರಿಯಾ, ಅಂದ್ರೆ ಇಳಿಯೋಕಾಗದವ್ರು ಸಹಾಯ ಬರೋತನಕ ಸೇಫಾಗಿ ಕಾಯೋ ಜಾಗ, ಇರ್ಲೇಬೇಕು ಅಂತಿದೆ. ಹೈರೈಸ್ ಅಂತ ಕರೆಯೋದೇ 15 ಮೀಟರ್‌ನಿಂದ. ನಮ್ಮಂಥ ಮೂರು ನಾಲ್ಕು ಮಹಡಿ ಕಟ್ಟಡ ಇದ್ಯಾವ ಲೆಕ್ಕಕ್ಕೂ ಬರಲ್ಲ. ಆದ್ರೆ ವೀಲ್‌ಚೇರಲ್ಲಿ ಕೂತವರಿಗೆ ಮೂರನೇ ಮಹಡಿ ಆದ್ರೇನು ಇಪ್ಪತ್ತನೇ ಮಹಡಿ ಆದ್ರೇನು, ಒಂದು ಮೆಟ್ಟಿಲಿದ್ರೂ ತಡೆನೇ!

ಇವ್ಯಾಕ್ಯುಯೇಷನ್ ಚೇರ್ ಅಂತ ಬರುತ್ತೆ, ಮಡಚಿ ಗೋಡೆಗೆ ತೂಗುಹಾಕೋದು. ಹಿಂದುಗಡೆ ಇರೋ ರಬ್ಬರ್ ಬೆಲ್ಟು ಮೆಟ್ಟಿಲಂಚನ್ನ ಕಚ್ಕೊಂಡು ನಿಧಾನಕ್ಕೆ ಜಾರುತ್ತೆ, ಎತ್ತೋದೇ ಬೇಡ, ಕಲಿತವರೊಬ್ಬರು ಹಿಡ್ಕೊಂಡ್ರೆ ಸಾಕು. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ 1993ರ ಬಾಂಬ್ ಸ್ಫೋಟ ಆದ್ಮೇಲೆ ಇಂಥ ಕುರ್ಚಿ ತರಿಸಿಟ್ಟಿದ್ರು, 2001ರಲ್ಲಿ 69ನೇ ಮಹಡಿಯಲ್ಲಿದ್ದ ವೀಲ್‌ಚೇರ್ ಬಳಸೋ ಉದ್ಯೋಗಿಯನ್ನ ಜೊತೆಯವ್ರು ಅದ್ರಲ್ಲೇ ಕೂರಿಸಿ ಕೆಳಗಿಳಿಸಿದ್ರು, ಅವ್ರು ಬದುಕಿದ್ರು. 69 ಮಹಡಿ ಇಳಿಸಬಹುದು ಅಂದ್ಮೇಲೆ ಮೂರು ಮಹಡಿ ನಮಗ್ಯಾಕೆ ಆಗಲ್ಲ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ವಿಕಲಚೇತನರ ವಿವರ ಇಟ್ಕೊಂಡಿರ್ಬೇಕು, ಅಪಾಯ ಇದ್ರೆ ಅವರಿಗೆ ತಿಳಿಸ್ಬೇಕು. ಅಕ್ಕನ ಹೆಸರು, ಮಹಡಿ ಎಲ್ಲಾ ಬರೆದು ಅರ್ಜಿ ರೆಡಿ ಮಾಡಿದೀನಿ.

ಮನೇಲೂ ಮಾತಾಡ್ಕೊಂಡಿದೀವಿ. ಮೆಟ್ಟಿಲಲ್ಲಿ ಹೊಗೆ ಇದ್ರೆ ಇಳಿಯೋ ಹಠ ಬೇಡ, ರಸ್ತೆ ಕಡೆ ಕಿಟಕಿ ಇರೋ ರೂಮಿಗೆ ಹೋಗಿ ಬಾಗಿಲು ಹಾಕಿ ಸಂದಿಗೆ ಒದ್ದೆ ಬಟ್ಟೆ ತುರುಕೋದು, 112ಕ್ಕೆ ಫೋನ್ ಮಾಡಿ ಎಷ್ಟನೇ ಮಹಡಿ, ಯಾವ ಕಡೆ ಕಿಟಕಿ, ವೀಲ್‌ಚೇರಲ್ಲಿರೋರು ಇದಾರೆ ಅಂತ ಮೊದಲೇ ಹೇಳೋದು. ಮೊದಲನೇ ಮಹಡಿ ಅಂಕಲ್‌ಗೆ ಕಿವಿ ಕೇಳಲ್ಲ, ಆವತ್ತು ರಾತ್ರಿ ಅವ್ರು ಮಲಗೇ ಇದ್ರು. ಅವರ ಮನೆಗೆ ಲೈಟ್ ಮಿನುಗೋ ಅಲಾರಾಂ ಬೇಕು ಅಂತ ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ಅಕ್ಕನೇ ಎದ್ದು ಹೇಳಿದ್ಲು.

ಬರೋ ಭಾನುವಾರ ಮಳೆ ಬಿಡುವು ಕೊಟ್ರೆ ಅಕ್ಕನ್ನ ಕೂರಿಸ್ಕೊಂಡು ಒಂದ್ಸಲ ಇಳಿಸಿ ಪ್ರಾಕ್ಟೀಸ್ ಮಾಡ್ತೀವಿ, ಹೆಂಗೆ ಹಿಡೀಬೇಕು ಅಂತ ಹೇಳೋದು ಅವಳೇ. ಎರಡನೇ ಮಹಡಿಯವ್ರು ಚಪ್ಪಲಿ ಸ್ಟ್ಯಾಂಡ್ ಆಗ್ಲೇ ಒಳಗಿಟ್ಕೊಂಡಿದಾರೆ. ಸ್ಕೂಟರ್‌ಗಳು ಮಾತ್ರ ಇನ್ನೂ ಅಲ್ಲೇ ಇದಾವೆ.