ಲೋಟೆ ಲೇಮಾನ್ ಹಾಡಲಾಗದ ಸಾಲು

ನನಗೆ ಈಗ 58. ತಾರ ಷಡ್ಜದಲ್ಲಿ, ಅಂದರೆ ಮೇಲಿನ ಸ್ಥಾಯಿಯ 'ಸ'ದಲ್ಲಿ, ನಿಲ್ಲಲು ಗಂಟಲು ಒಪ್ಪುವುದಿಲ್ಲ. ಕಛೇರಿ ಬಿಟ್ಟು 3 ವರ್ಷವಾಯಿತು. ಪಾಠಕ್ಕೆ ಬರುವ ಮಕ್ಕಳಿಗೆ ಎತ್ತರದ ಸ್ವರಗಳ ಸಾಲುಗಳನ್ನೂ ಮಧ್ಯ ಸ್ಥಾಯಿಯಲ್ಲೇ ಹೇಳಿಕೊಡುತ್ತೇನೆ. ಹಾಗೆ ಹೇಳಿಕೊಡುವಾಗೆಲ್ಲ ತುಂಬಾ ಸಂಕಟವಾಗುತ್ತಿತ್ತು.

ಮ್ಯೂನಿಕ್‌ನಲ್ಲಿರುವ ಮಗಳು ಒಂದು ಹಳೆಯ ರೆಕಾರ್ಡಿಂಗ್ ಕಳಿಸಿದಳು. ಜರ್ಮನಿಯ ಸೊಪ್ರಾನೊ (ಎತ್ತರದ ಹೆಣ್ಣುದನಿಯ ಗಾಯಕಿ) ಲೋಟೆ ಲೇಮಾನ್, ನ್ಯೂಯಾರ್ಕ್‌ನ ಟೌನ್ ಹಾಲ್, 1951ರ ಫೆಬ್ರವರಿ 16. ಕಛೇರಿಯ ನಡುವೆ ಆಕೆ ತನ್ನ ವಿದಾಯ ಹೇಳುತ್ತಾರೆ. ಜನ ಬೇಡ ಬೇಡ ಎಂದು ಕೂಗುತ್ತಾರೆ. ಕೊನೆಗೆ ಸಂಯೋಜಕ ಶೂಬರ್ಟ್‌ನ ಒಂದು ಹಾಡು, ಸಂಗೀತಕ್ಕೇ ವಂದನೆ ಹೇಳುವ ಹಾಡು. ವಂದನೆಯ ಕೊನೆಯ ಸಾಲಿಗೆ ಬಂದಾಗ ಅಳು ಬಂದು ಗಂಟಲು ಕಟ್ಟುತ್ತದೆ. ಪಾಲ್ ಉಲನೋವ್‌ಸ್ಕಿ ಪಿಯಾನೊದಲ್ಲಿ ಒಬ್ಬರೇ ಹಾಡು ಮುಗಿಸುತ್ತಾರೆ. ನಾನು ಹುರುಳಿಕಾಯಿ ಬಿಡಿಸುತ್ತಿದ್ದೆ. ಕೈ ಹಾಗೇ ನಿಂತಿತು.

ಆಮೇಲೆ ಅವರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಹುಟ್ಟಿದ್ದು 1888ರಲ್ಲಿ, ಪೆರ್ಲೆಬರ್ಗ್‌ನಲ್ಲಿ. ಬರ್ಲಿನ್‌ನ ಒಂದು ಹಾಡಿನ ಶಾಲೆ ಇವಳಿಂದ ಆಗದು ಎಂದು ಹೊರಗೆ ಹಾಕಿತ್ತು. ಕೈ ಹಿಡಿದದ್ದು ಮಟಿಲ್ಡೆ ಮಾಲಿಂಗರ್. ಅವರೂ ಒಂದು ಕಾಲದ ಸೊಪ್ರಾನೊ, 1868ರಲ್ಲಿ ಸಂಯೋಜಕ ವ್ಯಾಗ್ನರ್‌ನ ಒಂದು ಒಪೆರಾದಲ್ಲಿ, ಅಂದರೆ ಹಾಡಿನ ನಾಟಕದಲ್ಲಿ, ಎವಾ ಪಾತ್ರವನ್ನು ಮೊದಲು ಹಾಡಿದವರು. ಮುಂದೆ ಹ್ಯಾಂಬರ್ಗ್, ವಿಯೆನ್ನಾ, ನ್ಯೂಯಾರ್ಕ್. ಸಂಯೋಜಕ ರಿಚರ್ಡ್ ಸ್ಟ್ರಾಸ್ ತಮ್ಮ ಹೊಸ ಒಪೆರಾಗಳಿಗೆ ಇವರನ್ನೇ ಕರೆದರು.

ನನಗೆ ಜಾಸ್ತಿ ಹಿಡಿಸಿದ್ದು ಆಮೇಲಿನ ಬದುಕು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ, ಮ್ಯೂಸಿಕ್ ಅಕಾಡೆಮಿ ಆಫ್ ದ ವೆಸ್ಟ್‌ನಲ್ಲಿ ಪಾಠ. 1961ರಲ್ಲಿ ಆ ಪಾಠಗಳನ್ನು ಚಿತ್ರೀಕರಿಸಿದರು. ಆಗ ಅವರಿಗೆ 73. ಹಳೆಯ ದನಿ ಇಲ್ಲ, ಸಾಲನ್ನು ಕೆಳ ಸ್ಥಾಯಿಯಲ್ಲಿ ಅರ್ಧ ಮಾತು ಅರ್ಧ ಹಾಡಾಗಿ ತೋರಿಸುತ್ತಾರೆ. ಆದರೆ ಮುಖದಲ್ಲಿ ಒಂದೊಂದು ಪದವೂ ಕಾಣುತ್ತದೆ! ತನ್ನನ್ನು ಅನುಕರಿಸಬೇಡಿ ಎಂದು ಶಿಷ್ಯರಿಗೆ ಒತ್ತಿ ಹೇಳುತ್ತಿದ್ದರು. ಅದೇ ವರ್ಷ ಶಿಷ್ಯೆ ಗ್ರೇಸ್ ಬಂಬ್ರಿ ಜರ್ಮನಿಯ ಬೈರಾಯ್ಟ್‌ನಲ್ಲಿ ನಡೆಯುವ ವ್ಯಾಗ್ನರ್ ಒಪೆರಾಗಳ ಉತ್ಸವದಲ್ಲಿ ವೀನಸ್ ಪಾತ್ರ ಹಾಡಿದರು. ಆ ಉತ್ಸವದಲ್ಲಿ ಹಾಡಿದ ಮೊದಲ ಕಪ್ಪು ಗಾಯಕಿ. ವಿರೋಧಿಸಿ ಕಾಗದ ಬರೆದವರಿದ್ದರು. ಹಾಡಿದ ಮೇಲೆ ಜನ 42 ಸಲ ಅವರನ್ನು ವೇದಿಕೆಗೆ ಕರೆಸಿದರು.

ಮೊನ್ನೆ ಮೋಹನ ರಾಗದ ಒಂದು ವರ್ಣದ ಪಾಠ. ಹತ್ತು ವರ್ಷದ ಹುಡುಗಿ ಕೇಳಿದಳು, "ಮಿಸ್, ನೀವ್ಯಾಕೆ ಕೆಳಗೇ ಹಾಡ್ತೀರಿ?"

"ಮೇಲೆ ಬರಲ್ಲ ಕಣಮ್ಮ. ನೀನು ಹಾಡು, ನಾನು ಕೇಳ್ತೀನಿ."

ಶ್ರುತಿ ಪೆಟ್ಟಿಗೆಯನ್ನು ಅವಳ ಶ್ರುತಿಗೆ ಏರಿಸಿದೆ. ಮೊದಲ ಸಲ ತಾರ ಗಾಂಧಾರ ಜಾರಿತು. ಎರಡನೇ ಸಲ ನಿಂತಿತು.