ಹಳೆಯ ಹೆಸರಿಗೆ ಹೊಸ ಅರ್ಥ

ಪುಣೆಯ ಕೋಥ್ರೂಡಿನ ನಮ್ಮ ಸೊಸೈಟಿಯ ಗಣೇಶೋತ್ಸವಕ್ಕೆ ಸ್ವಯಂಸೇವಕರ ಬಿಲ್ಲೆಗಳನ್ನು ಅಚ್ಚು ಹಾಕಿಸುವ ಗೆಳೆಯರೊಬ್ಬರು ಕಳೆದ ವರ್ಷ ರಾತ್ರಿ ಹತ್ತರ ಹೊತ್ತಿಗೆ ಫೋನ್ ಮಾಡಿ, ‘ಏನ್ರೀ, ನಮ್ಮಮ್ಮನ ಹೆಸರಿನ ಬಾಲ ಕತ್ತರಿಸಿಬಿಟ್ಟಿರಲ್ಲ’ ಎಂದರು. ಬಿಲ್ಲೆಯ ಮೇಲೆ ‘ಸುಬ್ಬಲಕ್ಷ್’ ಎಂದಷ್ಟೇ ಮೂಡಿತ್ತು.

ಕನ್ನಡ ಪಠ್ಯದ ಕೆಲಸಗಳಿಗೆಂದು ನಾನು ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟಿರುವ ಪುಟ್ಟ ಪೈಥಾನ್ ಲೈಬ್ರರಿಯಲ್ಲಿ (ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ, ಬೇರೆಯವರೂ ತಮ್ಮ ಪ್ರೋಗ್ರಾಮಿನಲ್ಲಿ ಬಳಸಬಹುದಾದ ಸಿದ್ಧ ಕೋಡ್) ಪದದ ಉದ್ದವನ್ನು ಎಣಿಸಿ ಹೇಳುವ ‘ಎಣಿಕೆ’ ಎಂಬ ಫಂಕ್ಷನ್ ಇದೆ. ಮೊದಲಿನಿಂದಲೂ ಅದು ಎಣಿಸುತ್ತಿದ್ದುದು ಯೂನಿಕೋಡ್ ಸಂಕೇತಗಳನ್ನು, ಅಂದರೆ ಕಂಪ್ಯೂಟರಿನಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರ ಜೋಡಿಸುವ ಹಲಂತ ಒಂದೊಂದಕ್ಕೂ ಇರುವ ಬೇರೆ ಬೇರೆ ಸಂಕೇತಗಳನ್ನು. ಸುಬ್ಬಲಕ್ಷ್ಮಿ ಎಂದರೆ ಅದಕ್ಕೆ 12. ಓದುವವರಿಗೆ ಅಲ್ಲಿರುವುದು ನಾಲ್ಕೇ ಅಕ್ಷರವಾದ್ದರಿಂದ ಇದನ್ನು ದೋಷವೆಂದು ತೀರ್ಮಾನಿಸಿ, ಲೈಬ್ರರಿಯ 1.4.0 ಆವೃತ್ತಿಯಲ್ಲಿ ಅಕ್ಷರಗಳನ್ನೇ ಎಣಿಸುವಂತೆ ಹೆಮ್ಮೆಯಿಂದಲೇ ತಿದ್ದಿದ್ದೆ. ಗೆಳೆಯರ ಬಿಲ್ಲೆಯಲ್ಲಿ ಹೆಸರಿಗೆ ಇದ್ದದ್ದು 10 ಸಂಕೇತಗಳ ಜಾಗ. ಮೀರಿದ ಹೆಸರುಗಳನ್ನು ಅವರು ‘ಎಣಿಕೆ’ಯಿಂದ ಪತ್ತೆ ಹಚ್ಚಿ ಕೈಯಿಂದಲೇ ಚಿಕ್ಕದು ಮಾಡುತ್ತಿದ್ದರು. ಈಗ 4 ಎಂಬ ಉತ್ತರ ಬಂದದ್ದರಿಂದ ಹೆಸರು ತಪಾಸಣೆಯನ್ನು ಸಲೀಸಾಗಿ ದಾಟಿತು, ಕೊನೆಯ ‘ಮಿ’ ಮಾತ್ರ ಮುಂದಿನ ಹಂತದಲ್ಲಿ ಉದುರಿತು. ಆವೃತ್ತಿಯ ಮೂರು ಅಂಕೆಗಳಲ್ಲಿ ನಡುವಿನದು ಏರಿದರೆ ಹಳೆಯ ಕೋಡ್ ಕೆಡುವುದಿಲ್ಲವೆಂದು ಬಳಕೆದಾರರು ನಂಬುತ್ತಾರೆ. ನಾನು ಏರಿಸಿದ್ದು ಅದನ್ನೇ.

ಈ ವಿಷಯದಲ್ಲಿ ಯೂನಿಕೋಡ್‌ನವರ ಹಟ ನನಗೆ ಈಗ ಅರ್ಥವಾಗುತ್ತದೆ. ಹಳಗನ್ನಡದ ೞಕಾರಕ್ಕೆ ಅವರ ಪಟ್ಟಿಯಲ್ಲಿ ‘ಕನ್ನಡ ಲೆಟರ್ ಫಾ’ ಎಂಬ ಅಸಂಬದ್ಧ ಹೆಸರು ಬಿದ್ದುಹೋಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬುದು ಅವರ ನೀತಿಯಾದ್ದರಿಂದ, ಅದನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ಸೇರಿಸಿದ್ದಾರೆ. ಪೈಥಾನ್‌ಗೆ ಆ ಅಕ್ಷರದ ಹೆಸರು ಕೇಳಿದರೆ ಇವತ್ತಿಗೂ ‘ಫಾ’ ಎಂದೇ ಹೇಳುತ್ತದೆ. ಕನ್ನಡಿಗನಾಗಿ ನನಗೆ ಇದು ಕಿರಿಕಿರಿ, ಆದರೆ ಆ ಹೆಸರನ್ನು ನೆಚ್ಚಿ ಬರೆದ ಯಾವ ಪ್ರೋಗ್ರಾಮೂ ಮುರಿದಿಲ್ಲ.

ಅದೇ ರಾತ್ರಿ 1.4.0ನ್ನು ಹಿಂತೆಗೆದು, 1.4.1ರಲ್ಲಿ ‘ಎಣಿಕೆ’ಗೆ ಹಳೆಯ ನಡವಳಿಕೆಯನ್ನೇ ಮರಳಿಸಿ, ಹೊಸದಕ್ಕೆ ‘ಅಕ್ಷರ_ಎಣಿಕೆ’ ಎಂದು ಬೇರೆ ಹೆಸರಿಟ್ಟೆ. ಹಳೆಯದನ್ನು ಕರೆದಾಗ ಡೆಪ್ರಿಕೇಶನ್ ವಾರ್ನಿಂಗ್, ಅಂದರೆ ‘ಇದು ಮುಂದೆ ಇರುವುದಿಲ್ಲ, ಬಳಸಬೇಡಿ’ ಎಂಬ ಎಚ್ಚರಿಕೆ, ಹೊರಡಿಸುವ ಯೋಚನೆಯೂ ಇತ್ತು. ಆದರೆ ನೇರವಾಗಿ ಓಡಿಸಿದ ಫೈಲಿನದ್ದಲ್ಲದ ಇಂಥ ಎಚ್ಚರಿಕೆಗಳನ್ನು ಪೈಥಾನ್ ತಾನಾಗಿ ತೋರಿಸುವುದಿಲ್ಲ. ತೋರಿಸಿದರೂ ಓದುವವರು ಕಡಿಮೆ. ಪೈಥಾನ್ ಜೊತೆಗೇ ಬರುವ ‘ಕಲೆಕ್ಷನ್ಸ್’ ಎಂಬ ಮಾಡ್ಯೂಲ್‌ನಲ್ಲಿದ್ದ ‘ಮ್ಯಾಪಿಂಗ್’ ಮೊದಲಾದ ಹೆಸರುಗಳು ಬೇರೆಡೆಗೆ ಹೋದದ್ದು 2012ರ ಪೈಥಾನ್ 3.3ರಲ್ಲಿ, ಹಳೆಯ ಜಾಗದಿಂದ ಅವನ್ನು ತೆಗೆದದ್ದು 2021ರ 3.10ರಲ್ಲಿ. ಒಂಬತ್ತು ವರ್ಷ ಕಾದ ಮೇಲೂ ಆ ದಿನ ಕೆಟ್ಟುನಿಂತ ಲೈಬ್ರರಿಗಳಿಗೆ ಲೆಕ್ಕವಿರಲಿಲ್ಲ. ಎರಡು ಸಾಲಿನ ‘ಎಣಿಕೆ’ಯನ್ನು ಇಟ್ಟುಕೊಳ್ಳಲು ನನಗೇನೂ ಖರ್ಚಿಲ್ಲ, ಹಾಗಾಗಿ ಮುಂದೆ ಬರುವ 2.0 ಆವೃತ್ತಿಯಲ್ಲೂ ಅದು ಇರುತ್ತದೆ.

ಗೆಳೆಯರು ಮಾತ್ರ ತಮ್ಮ ಸ್ಕ್ರಿಪ್ಟನ್ನು ಲೈಬ್ರರಿಯ ಹಳೆಯ ಆವೃತ್ತಿ 1.3.2ಕ್ಕೆ ಕಟ್ಟಿಹಾಕಿದ್ದಾರೆ, ಈ ಸಲದ ವಿಸರ್ಜನೆ ಮುಗಿಯುವವರೆಗೆ ಅದನ್ನು ಮುಟ್ಟುವುದಿಲ್ಲವಂತೆ.