ಪಿಲ್ಲರ್ ಎಷ್ಟು ಟನ್ ತಡೆಯುತ್ತೆ ಸಾರ್?

ತಂಗಿಯ ಮನೆ ಕೆಲಸ ಶುರುವಾದ ಮೇಲೆ ನನಗೆ ಭಾನುವಾರ ರಜೆ ಇಲ್ಲ. "ಅಣ್ಣ, ನೀನು ಸಿಮೆಂಟ್ ಕಾಲೇಜಲ್ಲೇ ಇರೋದಲ್ವಾ, ಒಂದು ಸಲ ಬಂದು ನೋಡು" ಅಂತ ಬೆಳಿಗ್ಗೆಯೇ ಫೋನು. ನಾನಿರುವುದು ಇಂಜಿನಿಯರಿಂಗ್ ಕಾಲೇಜಿನ ಮಟೀರಿಯಲ್ ಟೆಸ್ಟಿಂಗ್ ಲ್ಯಾಬಿನಲ್ಲಿ. ಕಾಂಕ್ರೀಟ್ ಕ್ಯೂಬ್ ಒಡೆಯುವುದು, ಕಂಬಿ ಎಳೆದು ತುಂಡು ಮಾಡುವುದು, ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಅವಳ ಲೆಕ್ಕದಲ್ಲಿ ಅದು ಸಿಮೆಂಟ್ ಕಾಲೇಜು.

ಹೋದಾಗ ಪಿಲ್ಲರ್ ಕಂಬಿ ಕಟ್ಟಿ ನಿಲ್ಲಿಸಿದ್ದರು. ಕೆಳಗೆ ಪೂರ್ತಿ ಪಾರ್ಕಿಂಗ್, 12 ಪಿಲ್ಲರ್, ಅದರ ಮೇಲೆ ಎರಡು ಮನೆ. ಉದ್ದ ಕಂಬಿಗಳ ಸುತ್ತ ಅಡ್ಡಕ್ಕೆ ಕಟ್ಟುವ ರಿಂಗ್ ನೋಡಿದೆ. ಬುಡದಿಂದ ತುದಿವರೆಗೂ 8 ಇಂಚಿಗೊಂದು. ರಿಂಗಿನ ಕೊಕ್ಕೆ ಬರೀ 90 ಡಿಗ್ರಿಗೆ ಮಡಚಿದ್ದಾರೆ.

"8 ಇಂಚು ಜಾಸ್ತಿ ಆಯ್ತು ಮೇಸ್ತ್ರಿ" ಅಂದೆ.

"ಈ ಪಿಲ್ಲರ್ ಎಷ್ಟು ಟನ್ ತಡೆಯುತ್ತೆ ಹೇಳಿ ಸಾರ್. ಇನ್ನೊಂದು ಫ್ಲೋರ್ ಏರಿಸಿದ್ರೂ ಅಲ್ಲಾಡಲ್ಲ."

ತೊಂದರೆ ಇರುವುದು ಇಲ್ಲೇ. ಅವರು ಹೇಳಿದ್ದು ಸುಳ್ಳಲ್ಲ. ಟನ್ ಲೆಕ್ಕದಲ್ಲಿ ರಿಂಗಿನ ಪಾಲು ಸ್ವಲ್ಪವೇ. ಕಾಂಕ್ರೀಟಿನ ಕೋಡ್ ಐಎಸ್ 456 ಹಿಡಿದು ನೋಡಿದರೂ, 12 ಮಿ.ಮೀ. ಕಂಬಿಗೆ ರಿಂಗ್ ದೂರ 192 ಮಿ.ಮೀ. ದಾಟಬಾರದು ಅಷ್ಟೇ. 8 ಇಂಚು ಅಂದರೆ 203. ಅದಕ್ಕೆಂದು ಜಗಳ ಆಡುವ ಹಾಗಿಲ್ಲ.

ಆದರೆ ಪಿಲ್ಲರಿಗೆ ಕೇಳಬೇಕಾದ ಪ್ರಶ್ನೆ ಎರಡಿದೆ. ಎಷ್ಟು ಭಾರ ಹೊರುತ್ತೀಯ ಅನ್ನುವುದು ಒಂದು. ಹೊರಲಾರದ ಹೊತ್ತು ಬಂದಾಗ ಹೇಗೆ ಬೀಳುತ್ತೀಯ ಅನ್ನುವುದು ಇನ್ನೊಂದು. ಎರಡನೆಯದನ್ನು ಸೈಟಿನಲ್ಲಿ ಯಾರೂ ಕೇಳಿದ್ದು ನಾನು ನೋಡಿಲ್ಲ.

ನಮ್ಮ ಲ್ಯಾಬಿಗೆ ದಿನಾ ಬರುವ 150 ಮಿ.ಮೀ. ಕ್ಯೂಬನ್ನೇ ತಗೊಳ್ಳಿ. ಒಳ್ಳೆ ಎಂ20 ದರ್ಜೆಯ ಕಾಂಕ್ರೀಟ್ ಆದರೆ 60 ಟನ್ ಹತ್ತಿರ ಹೋಗಿ ಒಡೆಯುತ್ತದೆ. ಅಷ್ಟು ಹೊತ್ತರೂ ಅದು ಕುಗ್ಗುವುದು ಮಿಲಿಮೀಟರಿನ ಮೂರನೇ ಒಂದು ಭಾಗ. ಭಾರ ಮತ್ತು ಕುಗ್ಗುವಿಕೆಯ ಗ್ರಾಫ್ ಎಳೆದು ಗೆರೆಯ ಕೆಳಗಿನ ಜಾಗ ಲೆಕ್ಕ ಹಾಕಿದರೆ ಅದು ನುಂಗಿದ ಶಕ್ತಿ ಸಿಗುತ್ತದೆ. ಒಡೆಯುವ ತನಕ ಸುಮಾರು 120 ಜೂಲ್. ಅಂದರೆ 12 ಕೆ.ಜಿ. ತೂಕ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. 60 ಟನ್ ಹೊತ್ತ ಪೈಲ್ವಾನನ ಹೊಟ್ಟೆಗೆ ಇಷ್ಟೇ ಹಿಡಿಸುವುದು!

ಹೋದ ವರ್ಷ ಪ್ರಾಜೆಕ್ಟಿಗೆ ಇಬ್ಬರು ಹುಡುಗರು ಪುಟ್ಟ ಪಿಲ್ಲರ್ ಹಾಕಿದ್ದರು. 150ಕ್ಕೆ 150, ಎತ್ತರ 450 ಮಿ.ಮೀ., ಮೂಲೆಗೊಂದು 8 ಮಿ.ಮೀ. ಕಂಬಿ. ಒಂದಕ್ಕೆ 150 ಮಿ.ಮೀ.ಗೆ ಒಂದು ರಿಂಗ್, ಕೊಕ್ಕೆ 90 ಡಿಗ್ರಿ. ಇನ್ನೊಂದಕ್ಕೆ 50 ಮಿ.ಮೀ.ಗೆ ಒಂದು, ಕೊಕ್ಕೆ 135 ಡಿಗ್ರಿ ಬಗ್ಗಿಸಿ ಒಳಗಿನ ಕಾಂಕ್ರೀಟಿಗೆ ತೂರಿಸಿದ್ದು. ಕಾಂಕ್ರೀಟ್ ಒಂದೇ ಮಿಕ್ಸಿಂಗಿನದು.

ಮೊದಲನೆಯದು 58 ಟನ್ ತನಕ ಏರಿತು. ಇದ್ದಕ್ಕಿದ್ದಂತೆ ಢಮ್. ಹೊರಪದರ ಕಳಚಿ ಕಂಬಿಗಳು ಎರಡು ರಿಂಗಿನ ನಡುವೆ ಹೊರಗೆ ಉಬ್ಬಿದವು. ಕೊಕ್ಕೆ ಬಿಚ್ಚಿಕೊಂಡಿತು. ಇನ್ನೆರಡು ಮಿಲಿಮೀಟರ್ ಕುಗ್ಗುವಷ್ಟರಲ್ಲಿ ಭಾರ ತೋರಿಸುವ ಸೂಜಿ 20 ಟನ್ನಿಗೆ ಇಳಿದಿತ್ತು. (ಆ ಸದ್ದಿನಲ್ಲಿ ಮಷೀನಿನ ಪಾಲೂ ಇರುತ್ತದೆ. ಭಾರಕ್ಕೆ ಅದೂ ಸ್ವಲ್ಪ ಹಿಗ್ಗಿರುತ್ತದೆ. ಪಿಲ್ಲರ್ ಸೋತ ಕೂಡಲೇ ಹಿಂದಕ್ಕೆ ಎಗರಿ ಅದನ್ನು ಇನ್ನೂ ಜಜ್ಜುತ್ತದೆ. ಅದಕ್ಕೇ ತುದಿ ಹತ್ತಿರ ಬಂದಾಗ ವಾಲ್ವ್ ತುಂಬ ನಿಧಾನ ತಿರುಗಿಸಬೇಕು. ಹುಡುಗರಿಗೆ ಈ ತಾಳ್ಮೆ ಇರಲ್ಲ, ವಾಲ್ವ್ ನಾನೇ ಹಿಡಿಯುವುದು.)

ಎರಡನೆಯದು 64 ಟನ್ನಿಗೆ ಬಿರುಕು ಬಿಟ್ಟಿತು. ಇಲ್ಲೂ ಹೊರಪದರ ಚಕ್ಕೆ ಚಕ್ಕೆಯಾಗಿ ಉದುರಿತು. ಆಮೇಲೆ? ಏನೂ ಇಲ್ಲ. ಸೂಜಿ 50ರ ಆಸುಪಾಸಿನಲ್ಲೇ ಕೂತಿತು. ನಾನು ಒತ್ತುತ್ತಲೇ ಹೋದೆ, ಅದು ಕುಗ್ಗುತ್ತಲೇ ಹೋಯಿತು. 3 ಮಿ.ಮೀ., 5, 7, 9. ಕುಗ್ಗು ಅಳೆಯುವ ಡಯಲ್ ಗೇಜ್ ಓದುತ್ತಿದ್ದ ಹುಡುಗ "ಸಾರ್, ಇದು ಸಾಯ್ತಾನೇ ಇಲ್ಲ" ಅಂದ.

ಗ್ರಾಫ್ ಹಾಳೆಯಲ್ಲಿ ಚೌಕ ಎಣಿಸಿದೆವು. ಕಂಪ್ಯೂಟರ್ ಇದ್ದರೂ ನಾನು ಮೊದಲು ಎಣಿಸುವುದೇ. ಒಂದು ದೊಡ್ಡ ಚೌಕ ಅಂದರೆ 10 ಟನ್ ಭಾರ, 1 ಮಿ.ಮೀ. ಕುಗ್ಗು, ಅಂದರೆ 98 ಜೂಲ್. ಮೊದಲನೆಯದಕ್ಕೆ 11 ಚೌಕ ಬಂತು, ಎರಡನೆಯದಕ್ಕೆ 43. ಒಂದು ಮೀಟರ್ ಎತ್ತರದಿಂದ ಸಿಮೆಂಟ್ ಮೂಟೆ ಬೀಳಿಸಿದ ಹಾಗೆ ಲೆಕ್ಕ ಹಾಕಿದರೆ ಮೊದಲನೆಯದು ನುಂಗಿದ್ದು ಎರಡು ಮೂಟೆ ಚಿಲ್ಲರೆ, ಎರಡನೆಯದು ಎಂಟೂವರೆ ಮೂಟೆ. ಟನ್ನಿನಲ್ಲಿ ಇವೆರಡಕ್ಕೂ ಇದ್ದ ವ್ಯತ್ಯಾಸ ಬರೀ ಆರು.

ಇದರ ಗುಟ್ಟು ಹಳೆಯದೇ. ಭತ್ತದ ಮೂಟೆ ಮೇಲೆ ಕೂತರೆ ಮೂಟೆ ಪಕ್ಕಕ್ಕೆ ಉಬ್ಬುತ್ತದೆ, ಆದರೆ ಗೋಣಿಚೀಲ ಇರೋದರಿಂದ ಭತ್ತ ಚೆಲ್ಲಲ್ಲ. ಮೇಲಿಂದ ಒತ್ತಿದರೆ ಕಾಂಕ್ರೀಟೂ ಪಕ್ಕಕ್ಕೆ ಉಬ್ಬುತ್ತದೆ. ರಿಂಗ್ ಅದರ ಗೋಣಿಚೀಲ. 1928ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರಿಚರ್ಟ್ ಮತ್ತು ಸಂಗಡಿಗರು ಕಾಂಕ್ರೀಟ್ ಸಿಲಿಂಡರಿಗೆ ಸುತ್ತಲಿಂದ ದ್ರವದ ಒತ್ತಡ ಕೊಟ್ಟು ನೋಡಿದ್ದರು. ಪಕ್ಕದಿಂದ ಒಂದು ಪಾಲು ಅಮುಕಿದರೆ ಮೇಲಿನ ಒತ್ತಡ ತಡೆಯುವ ಬಲ ನಾಲ್ಕು ಪಾಲು ಏರಿತ್ತು. ಇನ್ನು ಕಂಬಿ ಉಬ್ಬುವ ವಿಷಯಕ್ಕೆ ಲ್ಯಾಬೂ ಬೇಡ. ತೆಂಗಿನ ಪೊರಕೆಯ ಒಂದು ಕಡ್ಡಿ ನೆಲಕ್ಕೆ ಊರಿ ತುದಿ ಒತ್ತಿ, ಥಟ್ಟನೆ ಬಾಗುತ್ತದೆ. ಅರ್ಧಕ್ಕೆ ಮುರಿದು ಒತ್ತಿ ನೋಡಿ. ನಾಲ್ಕು ಪಟ್ಟು ಬಲ ಬೇಕು. ರಿಂಗ್ ಹತ್ತಿರ ಹತ್ತಿರ ಕಟ್ಟುವುದೂ ಕಂಬಿಯನ್ನು ಹೀಗೆ ಗಿಡ್ಡ ಮಾಡಿದ ಹಾಗೆ. ಗಣಿತಜ್ಞ ಆಯ್ಲರ್ 1744ರಲ್ಲೇ ಇದನ್ನು ಬರೆದಿಟ್ಟಿದ್ದಾನೆ.

ಭೂಕಂಪ ಬಂದಾಗ ಲೆಕ್ಕಕ್ಕೆ ಬರುವುದು ಈ ನುಂಗುವ ಶಕ್ತಿಯೇ ಅಂತ ಮೇಸ್ತ್ರಿಗೆ ಹೇಳಿದೆ. "ನಮ್ ಕಡೆ ಭೂಕಂಪ ಎಲ್ಲಿ ಬರುತ್ತೆ ಸಾರ್" ಅಂದರು. ಅಹಮದಾಬಾದಿನವರೂ ಹಾಗೇ ಅಂದುಕೊಂಡಿರಬೇಕು. 2001ರ ಜನವರಿ 26ರಂದು ನೆಲ ನಡುಗಿದ್ದು ದೂರದ ಕಛ್‌ನಲ್ಲಿ. 200 ಕಿ.ಮೀ.ಗಿಂತ ಆಚೆ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟುಗಳು ಕುಸಿದವು. ಅವುಗಳಲ್ಲಿ ಎಷ್ಟೋ ಕಟ್ಟಡಗಳ ಕೆಳಗೆ ಬರೀ ಪಾರ್ಕಿಂಗ್, ಬರೀ ಪಿಲ್ಲರ್. ತಂಗಿ ಮನೆಯದ್ದೂ ಅದೇ ಥರ ಅಂತ ಅವಳ ಮುಂದೆ ಹೇಳಲಿಲ್ಲ. ಸುಮ್ನೆ ಯಾಕೆ ಅವಳ ನಿದ್ದೆ ಕೆಡಿಸುವುದು.

ಮಾತಿನಲ್ಲಿ ಆಗುವ ಕೆಲಸ ಅಲ್ಲ ಅನ್ನಿಸಿತು. ಸೋಮವಾರ ಸಂಜೆ ಲ್ಯಾಬಿನಲ್ಲಿದ್ದ ಆ ಎರಡೂ ಒಡೆದ ಪಿಲ್ಲರುಗಳನ್ನು ಸೈಟಿಗೆ ಸ್ಕೂಟರಿನಲ್ಲಿ ಒಂದೊಂದಾಗಿ ಸಾಗಿಸಿದೆ. ಒಂದೊಂದೂ 25 ಕೆ.ಜಿ. ಹತ್ತಿರ. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಮೊದಲನೆಯದರ ಬಿಚ್ಚಿದ ಕೊಕ್ಕೆಯನ್ನು ಬೆರಳಲ್ಲಿ ಅಲ್ಲಾಡಿಸಿದರು. ಎರಡನೆಯದನ್ನು ಸುತ್ತಿಗೆಯಿಂದ ಎರಡು ಸಲ ಬಡಿದರು. ಬೀಡಿ ಹಚ್ಚಿದರು.

"ಈ ಕೊಕ್ಕೆ ಬಗ್ಗಿಸೋಕೆ ಬಾರ್ ಬೆಂಡಿಂಗ್ ಹುಡುಗ್ರು ಕೂಲಿ ಜಾಸ್ತಿ ಕೇಳ್ತಾರೆ ಸಾರ್."

ಅಲ್ಲಿಗೆ ಅರ್ಧ ಒಪ್ಪಿದ ಹಾಗೆ. ಭೂಕಂಪಕ್ಕಾಗಿ ಇರುವ ಐಎಸ್ 13920 ಕೇಳುವಷ್ಟು ಹತ್ತಿರ ರಿಂಗ್ ಹಾಕಲು ಅವರು ತಯಾರಿರಲಿಲ್ಲ. ಆ ಕೋಡ್ ಇಲ್ಲಿ ಹಾಕಿರುವಂಥ 9 ಇಂಚಿನ ಪಿಲ್ಲರನ್ನೇ ಒಪ್ಪಲ್ಲ, ಅದು ಬೇರೆ ಮಾತು. ಕೊನೆಗೆ ಪಿಲ್ಲರಿನ ಕೆಳಗೆ ಒಂದೂವರೆ ಅಡಿ, ಮೇಲೆ ಒಂದೂವರೆ ಅಡಿ, 3 ಇಂಚಿಗೊಂದು ರಿಂಗ್ ಅಂತ ಇತ್ಯರ್ಥ ಆಯಿತು. ಪಿಲ್ಲರಿಗೆ 8 ರಿಂಗ್ ಜಾಸ್ತಿ, ಒಟ್ಟು 96. ಎಲ್ಲ ಸೇರಿ 36 ಕೆ.ಜಿ. ಕಂಬಿ. ತಂಗಿ ಗಂಡ ಮೊಬೈಲಿನಲ್ಲಿ ಲೆಕ್ಕ ಹಾಕಿ, "ಇಷ್ಟೇನಾ? ಗೇಟಿನ ಡಿಸೈನಿಗೇ ಇದಕ್ಕಿಂತ ಜಾಸ್ತಿ ಆಗಿದೆ" ಅಂದ.

ಒಡೆದ ಪಿಲ್ಲರುಗಳನ್ನು ವಾಪಸ್ ತರಲಿಲ್ಲ. ಮೊನ್ನೆ ಹೋದಾಗ ನೋಡಿದೆ, ಕ್ಯೂರಿಂಗಿನ ನೀರಿನ ಡ್ರಮ್ ಕೆಳಗೆ ಎರಡನೆಯದನ್ನು ಇಟ್ಟಿದ್ದಾರೆ. ಮೊದಲನೆಯದರ ಕಂಬಿ ಬಿಚ್ಚಿ ಯಾರೋ ಗುಜರಿಗೆ ಹಾಕಿಯಾಗಿತ್ತು.